ಕಪಿಲೆಯ್ರಾದಲ್ಲಿ ಅವ್ವ ನೋಡಿದ ಮಾಳಿಗೆ

ಮೊದಲ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಅವ್ವ ಹಾಸಿಗೆಯಲ್ಲಿ ಇರಲಿಲ್ಲ. ಬಾಗಿಲು ತೆರೆದಿತ್ತು. ಗಾಬರಿಯಿಂದ ಹೊರಗೆ ಬಂದು ನೋಡಿದರೆ ಶಾಲು ಹೊದ್ದುಕೊಂಡು ಕಟ್ಟೆ ಮೇಲೆ ಕೂತಿದ್ದಳು. ಎದುರಿಗೆ ಕಣಿವೆ, ಕಣಿವೆಯ ತುದಿಗೆ ವೆಲೆಟಾ ಶಿಖರ, ಅದರ ಮೇಲೆ ಆಗಷ್ಟೇ ಬಿಸಿಲು ಬೀಳುತ್ತಿತ್ತು. ಅವ್ವ ಅದನ್ನು ನೋಡುತ್ತಿರಲಿಲ್ಲ. ಕೆಳಗಿನ ಮನೆಯ ಮಾಳಿಗೆ, ಅಂದರೆ ಚಪ್ಪಟೆ ಛಾವಣಿ, ನೋಡುತ್ತಿದ್ದಳು.

"ಮಣ್ಣಿನ ಮಾಳಗಿ ಐತಿ ನೋಡವಾ ಇದು. ಥೇಟ್ ನಮ್ಮನಿ ಗತೆ."

ಸ್ಪೇನ್ ಪ್ರವಾಸದ ಬಗ್ಗೆ ಬರಿ ಅಂತ ಗೆಳತಿಯರು ಒಂದೇ ಸಮನೆ ಕೇಳುತ್ತಿದ್ದಾರೆ. ಬರೆಯಬೇಕು ಅಂತ ಕೂತರೆ ನನಗೆ ಮೊದಲು ನೆನಪಾಗುವುದು ಆ ಬೆಳಿಗ್ಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ.

ನಾನು ಹುಬ್ಬಳ್ಳಿಯಲ್ಲಿ ಇರುವುದು, ಆದರೆ ನಮ್ಮೂರು ಗದಗ ಕಡೆ, ಲಕ್ಕುಂಡಿ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮಜ್ಜ ಕಟ್ಟಿಸಿದ ಮೇಲ್ಮುದ್ದಿ ಮನೆ ಇದೆ. ಕಲ್ಲಿನ ಗೋಡೆ, ಮರದ ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದಳು. ಈಗ ಆ ಮನೆಯಲ್ಲಿ ಚಿಕ್ಕಪ್ಪ ಇದ್ದಾರೆ. ಎರಡು ವರ್ಷದಿಂದ ಅವರದು ಒಂದೇ ಮಾತು, ಮಾಳಿಗೆ ಸೋರುತ್ತದೆ, ಕೆಡವಿ ಸ್ಲ್ಯಾಬ್ ಹಾಕಿಸೋಣ ಅಂತ. ಅವ್ವ ಬೇಡ ಅನ್ನುವುದಿಲ್ಲ, ಹೂಂ ಅಂತಲೂ ಅನ್ನುವುದಿಲ್ಲ. ಸುಮ್ಮನಾಗುತ್ತಾಳೆ.

ಅವ್ವನಿಗೆ ಒಮ್ಮೆ ದೂರದ ದೇಶ ತೋರಿಸಬೇಕು ಅಂತ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು. ಟೂರಿನವರು ಕೊಡುವ ಪಟ್ಟಿ ನಿಮಗೆ ಗೊತ್ತೇ ಇದೆ, ಹತ್ತು ದಿನಕ್ಕೆ ಐದು ದೇಶ, ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಬೇಕು. ಅರವತ್ತೆರಡು ವರ್ಷದವಳನ್ನು ಹಾಗೆ ಓಡಾಡಿಸಲು ನನಗೆ ಇಷ್ಟವಿರಲಿಲ್ಲ. ಒಂದೇ ಊರು, ಸಣ್ಣ ಊರು, ಬೆಟ್ಟದ ಊರು, ಆರು ದಿನ ಅಲ್ಲೇ ಇರೋಣ ಅಂತ ಹುಡುಕುತ್ತಿದ್ದಾಗ ಒಂದು ಫೋಟೊ ಕಣ್ಣಿಗೆ ಬಿತ್ತು. ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಬಿಳಿ ಮನೆಗಳು, ಒಂದಕ್ಕೂ ಹಂಚಿಲ್ಲ, ಎಲ್ಲವೂ ಚಪ್ಪಟೆ. ದಕ್ಷಿಣ ಸ್ಪೇನಿನ ಗ್ರಾನಡಾ ಪ್ರಾಂತ್ಯ, ಸಿಯೆರಾ ನೆವಾಡಾ ಬೆಟ್ಟಸಾಲಿನ ತೆಂಕಣ ಮಗ್ಗುಲು, ಅಲ್ಪುಹಾರಾ ಅನ್ನುವ ಸೀಮೆ. ಅದರಲ್ಲಿ ಪೊಕೇಯ್ರಾ ಕಣಿವೆಯಲ್ಲಿ ಒಂದರ ಮೇಲೊಂದು ಮೂರು ಊರು. ಕೆಳಗೆ ಪಂಪಾನೆಯ್ರಾ, ನಡುವೆ ಬುಬಿಯೋನ್, ಮೇಲೆ ಕಪಿಲೆಯ್ರಾ. ಕಪಿಲೆಯ್ರಾ ಇರುವುದು 1,436 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಕೆಮ್ಮಣ್ಣುಗುಂಡಿಯಷ್ಟೇ. ನಾವು ಉಳಿದದ್ದು ಅಲ್ಲಿ.

ಹೋಗುವವರಿಗೆ ಉಪಯೋಗವಾಗಲಿ ಅಂತ ಒಂದೆರಡು ಮಾತು ಹೇಳಿಬಿಡುತ್ತೇನೆ. ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ, ಕಡಿಮೆ ಅಂದರೂ 30,000 ಯೂರೊ ವೈದ್ಯಕೀಯ ವಿಮೆ ತೋರಿಸಬೇಕು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವ ಹಾಗಿಲ್ಲ, ಹಾಗಾಗಿ ಧಾರವಾಡ ಪೇಡೆ, ಅವ್ವ ಕಾಯಿಸಿಟ್ಟಿದ್ದ ತುಪ್ಪ ಎರಡೂ ಮನೆಯಲ್ಲೇ ಉಳಿದವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾತ್ರ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಹೊರಟೆವು. ಮ್ಯಾಡ್ರಿಡ್‌ನಿಂದ ಗ್ರಾನಡಾಕ್ಕೆ 2019ರಿಂದ ವೇಗದ ರೈಲು ಇದೆ, ಸುಮಾರು ಮೂರೂವರೆ ಗಂಟೆ. ಅಲ್ಲಿಂದ ಬಸ್ಸು. ದಿನಕ್ಕೆ ಕೆಲವೇ ಬಸ್ಸುಗಳು, ಮೊದಲೇ ಸಮಯ ನೋಡಿಕೊಳ್ಳಬೇಕು. ಓರ್ಹಿವಾ ದಾಟಿದ ಮೇಲೆ ದಾರಿ ಬರೀ ತಿರುವು. ಅವ್ವ ಲಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡೇ ಬಂದಳು.

ತಲುಪಿದಾಗ ಸಂಜೆ ಏಳು. ಅಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯದು ಎಂಟೂವರೆ ಒಂಬತ್ತಕ್ಕೆ. ನಡುವೆ ಹೆಚ್ಚಿನ ಹೋಟೆಲುಗಳಲ್ಲಿ ಅಡುಗೆ ಮನೆ ತೆರೆದಿರುವುದಿಲ್ಲ. ಚೌಕದ ನೀರಿನ ತೊಟ್ಟಿ ಪಕ್ಕ ಕೂತು ಗಂಟು ಬಿಚ್ಚಿದೆವು. ನಳಿಗೆಯಿಂದ ಬೆಟ್ಟದ ನೀರು ಸದಾ ಬೀಳುತ್ತಿರುತ್ತದೆ, ಎಷ್ಟು ತಂಪು ಅಂದರೆ ಹಲ್ಲು ಜುಮ್ ಅನ್ನುತ್ತದೆ. ರೊಟ್ಟಿ ಮುರಿಯುವ ಸದ್ದಿಗೆ ಎದುರಿನ ಕಟ್ಟೆಯ ಮೇಲಿದ್ದ ಇಬ್ಬರು ಮುದುಕರು ತಿರುಗಿ ನೋಡಿದರು. ಅವ್ವ ಒಂದು ತುಂಡು ಎತ್ತಿ ಹಿಡಿದು "ತಗೋರಿ" ಅಂದಳು. ಒಬ್ಬರು ಎದ್ದು ಬಂದು ತಗೊಂಡರು!

ಈಗ ಮಾಳಿಗೆಯ ವಿಷಯಕ್ಕೆ ಬರುತ್ತೇನೆ.

ಊರು ಇಳಿಜಾರಿನಲ್ಲಿ ಇರುವುದರಿಂದ ಮೇಲಿನ ಓಣಿಯಲ್ಲಿ ನಿಂತರೆ ಕೆಳಗಿನ ಓಣಿಯ ಮಾಳಿಗೆಗಳು ನಿಮ್ಮ ಪಾದದ ಮಟ್ಟಕ್ಕೆ ಸಿಗುತ್ತವೆ. ಬೂದಿ ಬಣ್ಣದ ಮಣ್ಣು, ಸ್ವಲ್ಪ ನೀಲಿ ಛಾಯೆ. ಅದರ ಹೆಸರು ಲೌನಾ. ಆ ಬೆಟ್ಟಗಳ ಪದರಗಲ್ಲು ಕೊಳೆತು ಆದ ಜೇಡಿಮಣ್ಣು. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ತೆಳ್ಳಗಿನ ಕಲ್ಲು ಚಪ್ಪಡಿ, ಎಲ್ಲದರ ಮೇಲೆ ಈ ಮಣ್ಣು ಹಾಕಿ ಬಡಿಯುತ್ತಾರೆ. ಮಳೆ ಬಿದ್ದಾಗ ಮಣ್ಣು ಕಚ್ಚಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಅಂಚಿಗೆ ಕಲ್ಲಿನ ಚಪ್ಪಡಿ ಮುಂದೆ ಚಾಚಿರುತ್ತದೆ, ನೀರು ಗೋಡೆಗೆ ತಾಗದೆ ಹೊರಗೆ ಬೀಳಲಿ ಅಂತ. ಹೊಗೆಗೂಡು ದುಂಡಗೆ ಬೆಳ್ಳಗೆ ಮೇಲೆದ್ದಿರುತ್ತದೆ, ತಲೆಗೊಂದು ಕಲ್ಲಿನ ಮುಚ್ಚಳ.

ನಮ್ಮ ಕಡೆ ಕಲ್ಲು ಚಪ್ಪಡಿ ಬದಲು ಕಟ್ಟಿಗೆ, ಸೊಪ್ಪು ಹಾಕುತ್ತಾರೆ, ಲೌನಾ ಬದಲು ಸವಳು ಮಣ್ಣು. ಉಳಿದದ್ದೆಲ್ಲ ಅದೇ. ಸವಳು ಮಣ್ಣೂ ಹಾಗೆಯೇ, ನೀರು ಬಿದ್ದ ಕೂಡಲೇ ಉಬ್ಬಿ ಸಂದಿ ಮುಚ್ಚುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ನಮ್ಮಜ್ಜ ಕೆರೆ ಹಿಂದಿನಿಂದ ಚಕ್ಕಡಿಯಲ್ಲಿ ಮಣ್ಣು ತರಿಸುತ್ತಿದ್ದ. ನಾವು ಹುಡುಗರು ನಿಚ್ಚಣಿಕೆ ಹತ್ತಿ ಹೋಗಿ ತುಳಿಯುತ್ತಿದ್ದೆವು.

ನಾವು ಉಳಿದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ಅವ್ವ ಅವರನ್ನು ಮೊದಲ ದಿನದಿಂದ "ಅಕ್ಕಾರ" ಅಂತಲೇ ಕರೆದಳು, ಅವರೂ ಓಗೊಟ್ಟರು. ಭಾಷೆಗೆ ನನ್ನ ಫೋನಿನ ಅನುವಾದ ಸಾಕಾಗದೇ ಹೋದಾಗ ಇಬ್ಬರೂ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಲೌನಾ ಯಾವಾಗ ಹಾಕುತ್ತೀರಿ ಅಂತ ಅವ್ವ ಕೇಳಿದ್ದಕ್ಕೆ ಅವರು ಆಕಾಶ ತೋರಿಸಿ, ಬೆರಳಲ್ಲಿ ಚಂದ್ರನನ್ನು ಬರೆದು, ಅದನ್ನು ಸಣ್ಣದು ಮಾಡುತ್ತ ಹೋದರು. ಚಂದ್ರ ಕ್ಷೀಣಿಸುವಾಗ ಹಾಕಿದರೆ ಸೋರುವುದಿಲ್ಲ ಅಂತ ಅಲ್ಲಿನ ಹಿರಿಯರ ನಂಬಿಕೆ. ಅವ್ವ ನನ್ನ ಮುಖ ನೋಡಿ, "ಅಮಾಸಿ ಮುಂದ ಅನ್ನಾಕತ್ತಾರ" ಅಂದಳು. ನಾನು ಅನುವಾದ ಮಾಡುವ ಮೊದಲೇ.

ಬುಬಿಯೋನ್‌ನಲ್ಲಿ ಹಳೆಯ ಮನೆಯೊಂದನ್ನು ಹಾಗೆಯೇ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಪಿಲೆಯ್ರಾದಿಂದ ಕಾಲುದಾರಿಯಲ್ಲಿ ಇಳಿದರೆ ಅರ್ಧ ಗಂಟೆ. ಕುಳ್ಳ ಬಾಗಿಲು, ಕರಿ ಹಿಡಿದ ತೊಲೆಗಳು, ಗೋಡೆಯೊಳಗೇ ಕೊರೆದ ಗೂಡು, ಅಡುಗೆ ಒಲೆ. ಆ ಕಡೆಯ ಮನೆಗಳಲ್ಲಿ ಕೆಳಗೆ ದನಕರು, ಕತ್ತೆ, ಮೇಲೆ ಜನ. ನಮ್ಮಲ್ಲಿ ಒಂದೇ ಅಂತಸ್ತು, ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಗ್ವಾದಲಿ, ಎತ್ತರದಲ್ಲಿ ಪಡಸಾಲೆ. ಅವ್ವ ಒಂದೊಂದೇ ಜಂತಿ ಎಣಿಸುತ್ತ ನಿಂತಳು. ಬಾಯಿ ಬಿಟ್ಟು ಎಣಿಸುತ್ತಿದ್ದಳು, ಹನ್ನೊಂದು, ಹನ್ನೆರಡು. ಆಮೇಲೆ ಕಂಬಕ್ಕೆ ಕೈ ಇಟ್ಟು ಎಷ್ಟೋ ಹೊತ್ತು ಮಾತಾಡಲಿಲ್ಲ. ನಾನೂ ಕರೆಯಲಿಲ್ಲ.

ಇಂಥ ಮನೆಗಳು ಸ್ಪೇನಿನ ಬೇರೆ ಬೆಟ್ಟಗಳಲ್ಲಿ ಸಿಗುವುದು ಅಪರೂಪ, ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳಲ್ಲಿ ಸಿಗುತ್ತವೆ. ಯಾಕೆ ಅಂದರೆ ಇಲ್ಲಿ ನೂರಾರು ವರ್ಷ ಇದ್ದವರು ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರು. 1492ರಲ್ಲಿ ಗ್ರಾನಡಾ ಕ್ರೈಸ್ತ ಅರಸರ ವಶವಾಯಿತು. ಮತ ಬದಲಿಸಿಕೊಂಡು ಉಳಿದವರ ಭಾಷೆ, ಬಟ್ಟೆ, ಪದ್ಧತಿಗಳ ಮೇಲೂ ನಿಷೇಧ ಬಂದಾಗ 1568ರಲ್ಲಿ ಇದೇ ಅಲ್ಪುಹಾರಾದಲ್ಲಿ ದಂಗೆ ಎದ್ದಿತು. ಮೂರು ವರ್ಷ ನಡೆದ ಆ ಯುದ್ಧದ ನಂತರ ಅವರನ್ನು ಇಲ್ಲಿಂದ ಹೊರಗೆ ಅಟ್ಟಿದರು. ಉತ್ತರದಿಂದ ಬೇರೆ ಜನರನ್ನು ತಂದು ತುಂಬಿದರು. ಮನೆ ಕಟ್ಟಿದವರು ಹೋದರು, ಕಟ್ಟುವ ರೀತಿ ಉಳಿಯಿತು. ಇದನ್ನು ಓದಿ ಹೇಳಿದಾಗ ಅವ್ವ, "ಪಾಪ, ಮಾಳಗಿ ಮಣ್ಣು ಬಿಟ್ಟು ಹೋಗಬೇಕಂದ್ರ ಹೆಂಗಾಗಿರಬೇಕು" ಅಂದಳು.

ಅವರು ಬಿಟ್ಟುಹೋದ ಇನ್ನೊಂದು ದೊಡ್ಡ ಕೆಲಸ ನೀರಿನದು. ಬೆಟ್ಟದ ಹೊಟ್ಟೆಗೆ ಸುತ್ತಿಕೊಂಡಂತೆ ಕಾಲುವೆಗಳಿವೆ, ಅಸೇಕಿಯಾ ಅನ್ನುತ್ತಾರೆ, ಅರಬ್ಬಿಯಿಂದ ಬಂದ ಮಾತು. ಹಿಮ ಕರಗಿದ ನೀರನ್ನು ಹೊಲಕ್ಕೆ ಒಯ್ಯುವ ಕಾಲುವೆ ಎಲ್ಲ ಕಡೆ ಇರುತ್ತವೆ, ಆದರೆ ಇಲ್ಲಿ ಕೆಲವು ಕಾಲುವೆಗಳು ನೀರನ್ನು ಎತ್ತರದಲ್ಲೇ ಒಂದು ಸಡಿಲ ನೆಲಕ್ಕೆ ಒಯ್ದು ಬೇಕಂತಲೇ ಇಂಗಿಸುತ್ತವೆ, ಆ ನೀರು ಬೆಟ್ಟದೊಳಗೆ ನಿಧಾನ ಇಳಿದು ಎಷ್ಟೋ ವಾರ, ತಿಂಗಳ ನಂತರ ಬೇಸಿಗೆಯಲ್ಲಿ ಕೆಳಗಿನ ಊರಿನ ಊಟೆಗಳಲ್ಲಿ ಮೇಲೆ ಬರುತ್ತದೆ. ಹಳ್ಳಿ ಬಿಟ್ಟು ಜನ ಹೋದ ಮೇಲೆ ಹಲವು ಕಾಲುವೆ ಹೂಳು ತುಂಬಿ ಸತ್ತಿದ್ದವು. ಗ್ರಾನಡಾ ವಿಶ್ವವಿದ್ಯಾಲಯದವರು, ಊರವರು, ಸ್ವಯಂಸೇವಕರು ಸೇರಿ ಕೆಲವನ್ನು ಗುದ್ದಲಿ ಹಿಡಿದು ತೋಡಿ ಮತ್ತೆ ಹರಿಸಿದ್ದಾರೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೇಳಿಕೊಂಡು ಬೆಳೆದವಳು ನಾನು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಆಡಿದ್ದೇನೆ. ನಮ್ಮ ಊರಿನ ಬಾವಿಯಲ್ಲಿ ಮಾತ್ರ ಈಗ ಇರುವುದು ಪ್ಲಾಸ್ಟಿಕ್ ಚೀಲ. ಹರಿಯುವ ಆ ಕಾಲುವೆ ಪಕ್ಕ ನಡೆಯುವಾಗ ಹೊಟ್ಟೆಯಲ್ಲಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಊಟದ ಬಗ್ಗೆ ಬಹಳ ಜನ ಕೇಳಿದ್ದೀರಿ. ಆ ಸೀಮೆ ಹಂದಿ ಮಾಂಸಕ್ಕೆ ಹೆಸರಾದದ್ದು, ಪಕ್ಕದ ಟ್ರೆವೇಲೆಸ್ ಊರಿನ ಒಣ ಹ್ಯಾಮ್ ಸ್ಪೇನಿಗೆಲ್ಲ ಹೋಗುತ್ತದೆ. ಶಾಖಾಹಾರಿಗಳು ಪ್ರತಿ ಸಲ ಕೇಳಿಯೇ ತಿನ್ನಬೇಕು. ಆದರೂ ಉಪವಾಸ ಬೀಳಲಿಲ್ಲ. ಆಲೂಗಡ್ಡೆ, ಹಸಿ ದೊಣ್ಣೆ ಮೆಣಸಿನಕಾಯಿ, ಉಳ್ಳಾಗಡ್ಡಿ ಮೂರನ್ನೂ ಆಲಿವ್ ಎಣ್ಣೆಯಲ್ಲಿ ನಿಧಾನ ಬೇಯಿಸಿದ ಪಲ್ಯ ಒಂದಿದೆ, ಹೆಸರು 'ಬಡವರ ಆಲೂಗಡ್ಡೆ' ಅಂತಲೇ ಇದೆ. ರೊಟ್ಟಿಯ ಜೊತೆ ಅದನ್ನು ನಾಲ್ಕು ರಾತ್ರಿ ತಿಂದೆವು. ಇನ್ನೊಂದು ಬದನೆಕಾಯಿ ಕರಿದು ಮೇಲೆ ಕಬ್ಬಿನ ಪಾಕ ಹಾಕಿದ್ದು, ನಮ್ಮ ಜೋನಿಬೆಲ್ಲವೇ ಅದು. ಬದನೆಕಾಯಿಗೆ ಬೆಲ್ಲ ಅಂದರೆ ಅವ್ವನಿಗೆ ಹೊಸದಲ್ಲ, ಎಣ್ಣೆಗಾಯಿ ಮಾಡುವವಳು. ತಟ್ಟೆ ಒರೆಸಿ ತಿಂದಳು. ಚಹಾಕ್ಕೆ ಸಕ್ಕರೆ ಕೇಳುವಾಗ ನಾನು ಫೋನ್ ನೋಡಿ "ಅಥೂಕರ್" ಅಂದೆ. ಅವ್ವ, "ಸಕ್ಕರಿ ಅಂದಂಗ ಕೇಳ್ತು" ಅಂದಳು. ಸರಿಯಾಗಿಯೇ ಕೇಳಿಸಿದೆ. ನಮ್ಮ ಶರ್ಕರಾ ಪರ್ಷಿಯಾ, ಅರಬ್ಬಿ ದಾಟಿ ಸ್ಪೇನಿಗೆ ಬಂದು ಹಾಗಾಗಿದೆ.

ಮೆಣಸಿನಕಾಯಿ ಬಂದದ್ದು ಉಲ್ಟಾ ದಿಕ್ಕಿನಲ್ಲಿ. ನಾವು ಹೋದದ್ದು ಅಕ್ಟೋಬರ್, ಮನೆಮನೆಯ ಬಾಲ್ಕನಿಯಿಂದ ಕೆಂಪು ಮೆಣಸಿನಕಾಯಿ ಸರಗಳು ಒಣಗಲು ಇಳಿಬಿಟ್ಟಿದ್ದವು. ಬಿಳಿ ಗೋಡೆಗೆ ಆ ಕೆಂಪು! ಒಡತಿ ಒಂದನ್ನು ಮುರಿದು ಕೊಟ್ಟರು. ಅವ್ವ ಮೊದಲು ಮೂಸಿದಳು, ಆಮೇಲೆ ನಾಲಿಗೆ ತುದಿಗೆ ಇಟ್ಟಳು, ಆಮೇಲೆ ಅಗಿದಳು. "ಬರೇ ಬಣ್ಣ ಐತಿ, ಖಾರ ಇಲ್ಲ. ನಮ್ಮ ಬ್ಯಾಡಗಿಗೆ ಒಂಚೂರರ ಖಾರ ಐತಿ" ಅಂದಳು. ಬ್ಯಾಡಗಿ ಮೆಣಸಿನಕಾಯಿಗೂ ಹೆಸರು ಬಂದದ್ದು ಬಣ್ಣದಿಂದಲೇ ಅಲ್ವಾ. ಗ್ರಾನಡಾ ಬಿದ್ದ ಅದೇ 1492ರಲ್ಲಿ, ಗ್ರಾನಡಾ ಪಕ್ಕದ ಸಾಂತಾ ಫೆಯಲ್ಲಿ ಒಪ್ಪಂದ ಮಾಡಿಕೊಂಡು ಕೊಲಂಬಸ್ ಹಡಗು ಹತ್ತಿದ. ಅವನ ಪಯಣದಿಂದ ಮೆಣಸಿನಕಾಯಿ ಅಮೆರಿಕದಿಂದ ಸ್ಪೇನಿಗೆ ಬಂತು, ಮುಂದೆ ಪೋರ್ಚುಗೀಸರ ಕೈಯಿಂದ ನಮ್ಮ ಕರಾವಳಿಗೆ. ಅಲ್ಲಿಂದ ಘಟ್ಟ ಹತ್ತಿ ಬ್ಯಾಡಗಿ. ಇದನ್ನು ಹೇಳಿದಾಗ ಒಡತಿ ನಂಬಲಿಲ್ಲ, ಹಾವೇರಿ ಸೀಮೆಯ ಮೆಣಸಿನಕಾಯಿ ಕಣದ ಫೋಟೊ ತೋರಿಸಿದ ಮೇಲೆ ಕೈ ಹಿಡಿದುಕೊಂಡರು.

ಇನ್ನೊಂದು ಆಶ್ಚರ್ಯ. ಕಣಿವೆಯ ಆಚೆ ಎತ್ತರದಲ್ಲಿ ಓ ಸೆಲ್ ಲಿಂಗ್ ಅನ್ನುವ ಟಿಬೆಟ್ ಬೌದ್ಧರ ಧ್ಯಾನಕೇಂದ್ರ ಇದೆ. 1982ರಲ್ಲಿ ದಲೈ ಲಾಮಾ ಬಂದು ಆ ಹೆಸರು ಇಟ್ಟರು. ಈ ಸೀಮೆಯ ಒಂದು ಮಗುವನ್ನು ಲಾಮಾ ಒಬ್ಬರ ಮರುಹುಟ್ಟು ಅಂತ ಗುರುತಿಸಿದ್ದರು, ಆ ಹುಡುಗ ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ! ಮುಂಡಗೋಡದ ಟಿಬೆಟ್ ಕ್ಯಾಂಪ್ ನೋಡಿ ಬೆಳೆದ ಹುಬ್ಬಳ್ಳಿಯವರಿಗೆ ಇದು ಕೇಳಿ ಹೇಗಾಗುತ್ತದೆ ಯೋಚಿಸಿ.

ನಾಲ್ಕನೇ ದಿನದ ಮಗ್ಗದ ಮನೆಯನ್ನು ನಾನು ಮರೆಯುವುದಿಲ್ಲ. ಅಲ್ಪುಹಾರಾದಲ್ಲಿ ಹರಾಪಾ ಅಂತ ಹಾಸುಗಂಬಳಿ ನೇಯುತ್ತಾರೆ. ಉದ್ದಕ್ಕೆ ಹಾಸುವ ಎಳೆಗೆ ನೂಲು, ಅಡ್ಡಕ್ಕೆ ಹೊಗಿಸುವ ಎಳೆಗೆ ಹಳೆಯ ಬಟ್ಟೆಯ ಚಿಂದಿ. ಬಟ್ಟೆಯನ್ನು ಬೆರಳಗಲ ಹರಿದು, ಪಟ್ಟಿಗಳನ್ನು ಜೋಡಿಸಿ ನೂಲಿನ ಉಂಡೆಯ ಹಾಗೆ ಸುತ್ತಿಟ್ಟುಕೊಳ್ಳುತ್ತಾರೆ. ಅವ್ವ ಒಳಗೆ ಹೋದವಳೇ ನೇತುಹಾಕಿದ್ದ ಒಂದು ಹರಾಪಾವನ್ನು ಹೊರಳಿಸಿ ಬೆನ್ನು ನೋಡಿದಳು. ಕೌದಿ ಒಳ್ಳೆಯದೋ ಅಲ್ಲವೋ ಅಂತ ಬೆನ್ನು ನೋಡಿಯೇ ಹೇಳಬೇಕು ಅನ್ನುವುದು ಅವಳ ಮಾತು. ಹನ್ನೆರಡನೇ ವಯಸ್ಸಿನಿಂದ ಕೌದಿ ಹೊಲಿದ ಕೈ ಅದು. ಪಟ್ಟಿಗಳ ನಡುವೆ ಬೆರಳಾಡಿಸುತ್ತ ಒಂದು ಕಡೆ ನಿಂತಳು. ನೀಲಿ ಪಟ್ಟಿಯೊಂದರಲ್ಲಿ ಸಣ್ಣ ಸೀಳು, ಸುತ್ತ ಒತ್ತಾದ ದಾರ. ಯಾರದೋ ಅಂಗಿಯ ಗುಂಡಿ ಕಾಜು. ನೇಯುವಾಕೆ ಅದನ್ನು ಕಂಡು ನಕ್ಕಳು.

"ನವಲಗುಂದದ ಜಮಖಾನಿಗೂ ನಮ್ಮ ಕೌದಿಗೂ ಲಗ್ನ ಮಾಡಿದಂಗ ಐತಿ" ಅಂದಳು ಅವ್ವ. ಆಮೇಲೆ ತನ್ನ ಚೀಲದಿಂದ ರೊಟ್ಟಿ ಕಟ್ಟಿದ್ದ ಇಳಕಲ್ ಸೀರೆಯ ತುಂಡು ತೆಗೆದಳು. ಕೆಂಪು ಸೆರಗಿನ ಭಾಗ, ಅಜ್ಜಿಯ ಸೀರೆಯದು. ಝಾಡಿಸಿದಳು, ಒಂದು ಅಂಚು ಹಲ್ಲಲ್ಲಿ ಕಚ್ಚಿ ಬೆರಳಗಲ ಹರಿದು ಆಕೆಯ ಕೈಗೆ ಕೊಟ್ಟಳು. ಆಕೆ ಏನೂ ಕೇಳಲಿಲ್ಲ. ಮಗ್ಗದ ಮೇಲಿದ್ದ ಹರಾಪಾದಲ್ಲಿ ಹಸಿರು ಪಟ್ಟಿ ಮುಗಿಯುವ ಕಡೆ ಅದನ್ನು ಸೇರಿಸಿ, ಎರಡು ಸಲ ಜೋರಾಗಿ ಬಡಿದು ಕೂರಿಸಿದಳು. ಒಂದೂವರೆ ಮೊಳದಷ್ಟು ಕೆಂಪು ಗೆರೆ. ಅದು ಈಗ ಯಾರ ಮನೆಯಲ್ಲಿದೆಯೋ.

ಎಲ್ಲವೂ ಚೆಂದ ಅಂತ ಬರೆದರೆ ತಪ್ಪಾಗುತ್ತದೆ. ಕಳೆದ ಶತಮಾನದ ನಡುವೆ ಇಲ್ಲಿನ ಜನ ಕೆಲಸ ಹುಡುಕಿಕೊಂಡು ಬಾರ್ಸಿಲೋನಾ ಅಂತ, ಹೊರದೇಶ ಅಂತ ಹೋಗಿಬಿಟ್ಟರು. ಒಡತಿಯ ಮಕ್ಕಳೂ ಇಲ್ಲಿಲ್ಲ. ಎಷ್ಟೋ ಮನೆ ನಮ್ಮಂಥ ಪ್ರವಾಸಿಗಳಿಗೆ ಬಾಡಿಗೆ, ಎಷ್ಟೋ ಮನೆ ಹೊರಗಿನವರು ಕೊಂಡದ್ದು. ರಾತ್ರಿ ಓಣಿಯಲ್ಲಿ ನಡೆದರೆ ದೀಪ ಇಲ್ಲದ ಕಿಟಕಿಗಳೇ ಜಾಸ್ತಿ. ಆದರೂ ಒಂದು ಮಾತು ಹೇಳಲೇಬೇಕು. 1982ರಲ್ಲಿ ಈ ಕಣಿವೆಯ ಊರುಗಳನ್ನು ಐತಿಹಾಸಿಕ ನೆಲೆ ಅಂತ ಘೋಷಿಸಿದರು. ಮಣ್ಣಿನ ಮಾಳಿಗೆ ಅಂದರೆ ಬಡತನ ಅಂತ ನಾಚಿಕೆ ಪಡದೆ ಅದನ್ನು ರಿಪೇರಿ ಮಾಡಿಕೊಂಡು ಬದುಕುತ್ತಿದ್ದಾರೆ. ನಮ್ಮಲ್ಲಿ ಹೆಣ್ಣು ಕೊಡುವವರು ಸ್ಲ್ಯಾಬ್ ಮನೆ ಇದೆಯಾ ಅಂತ ಮೊದಲು ಕೇಳುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಆ ಸ್ಲ್ಯಾಬಿನ ಕೆಳಗೆ ಮಧ್ಯಾಹ್ನ ಮಲಗಿದವರಿಗೆ ಮೇಲ್ಮುದ್ದಿ ಮನೆಯ ತಂಪು ಏನು ಅಂತ ಗೊತ್ತು, ಆದರೂ ಕೆಡವುತ್ತೇವೆ.

ಕೊನೆಯ ದಿನ ಪಕ್ಕದ ಮನೆಯಲ್ಲಿ ಮಾಳಿಗೆ ದುರಸ್ತಿ ನಡೆದಿತ್ತು. ಅವ್ವ ಬಿಡಲಿಲ್ಲ, ಹತ್ತಿರ ಹೋಗಿ ನಿಂತಳು. ಹಳೆಯ ಮಣ್ಣು ಒಂದು ಕಡೆ ಗುಡ್ಡೆ ಹಾಕಿದ್ದರು. ಚಪ್ಪಡಿ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮತ್ತೆ ಲೌನಾ ಸುರಿಯುತ್ತಿದ್ದರು. ಈಗ ಹೆಚ್ಚಿನವರು ಹೀಗೇ ಮಾಡುತ್ತಾರಂತೆ. ಮೇಲೆ ಮಣ್ಣು ಇರುವುದರಿಂದ ಹಾಳೆ ಬಿಸಿಲಿಗೆ ಸುಡುವುದಿಲ್ಲ, ಹಾಳೆ ಇರುವುದರಿಂದ ಮಣ್ಣು ಸ್ವಲ್ಪ ಸರಿದರೂ ಸೋರುವುದಿಲ್ಲ. ಅವ್ವ ನನ್ನ ಮೊಣಕೈ ಹಿಡಿದು ಎಳೆದಳು. "ಫೋಟೊ ತಗಿ. ನಿಮ್ಮ ಕಾಕಾಗ ಕಳಸು. ಈಗ ಕಳಸು."

ಕಳಿಸಿದೆ. ನಮ್ಮೂರಿನಲ್ಲಿ ಗಡಿಯಾರ ಸ್ಪೇನಿಗಿಂತ ಮೂರೂವರೆ ಗಂಟೆ ಮುಂದೆ, ಚಿಕ್ಕಪ್ಪ ಊಟಕ್ಕೆ ಕೂತಿದ್ದರಂತೆ. ಕೂಡಲೇ ಫೋನ್ ಮಾಡಿದರು. ಅವ್ವ ಆ ಓಣಿಯಲ್ಲಿ ನಿಂತೇ ಇಪ್ಪತ್ತು ನಿಮಿಷ ಮಾತಾಡಿದಳು. ಎರಡು ವರ್ಷದಿಂದ ಸುಮ್ಮನಿದ್ದವಳು ಅವತ್ತು ಗಟ್ಟಿಯಾಗಿ ಹೇಳಿದಳು, ಪಡಸಾಲೆಯ ಮೇಲಿನ ಎರಡು ಅಂಕಣ ಕೆಡವಬ್ಯಾಡ್ರಿ, ಹಿಂದಿನ ಅಡುಗೆಮನೆ ಕಡೆ ಏನು ಬೇಕಾದರೂ ಮಾಡಿಕೊಳ್ಳಿರಿ ಅಂತ. ಚಿಕ್ಕಪ್ಪ ಮಣ್ಣು ತುಳಿಯಲು ಬರುವವರು ಯಾರಿದ್ದಾರೆ ಅಂದರು. ನಾನು ರಜೆ ಹಾಕಿ ಬರುತ್ತೇನೆ ಅಂದೆ.

ಊರಿಗೆ ಬಂದ ಮೇಲೆ ಇಬ್ಬರೂ ಹೋಗಿ ಮಾಳಿಗೆ ಹತ್ತಿ ನೋಡಿದೆವು. ಒಂದು ಜಂತಿ ಮಾತ್ರ ಹುಳ ತಿಂದಿದೆ, ಉಳಿದವು ಗಟ್ಟಿ ಇವೆ. ಗದಗಿನ ಅಂಗಡಿಯಲ್ಲಿ ದಪ್ಪ ಹಾಳೆಗೆ ಬೆಲೆ ಕೇಳಿ ಬಂದಿದ್ದೇನೆ. ಕೆರೆ ಹಿಂದೆ ಸವಳು ಮಣ್ಣು ಇನ್ನೂ ಇದೆ. ದವನದ ಹುಣ್ಣಿಮೆ ಕಳೆದು ಚಂದ್ರ ಸಣ್ಣಗಾಗಲಿ, ಆಮೇಲೆ ಹಾಕೋಣ ಅಂತ ಅವ್ವ ಹೇಳಿದ್ದಾಳೆ.